ಎಂ.ಎಸ್ಸಿ ಕೆಮಿಸ್ಟ್ರಿ ಮುಗಿಸಿ ಕೆಮಿಕಲ್ ಇಂಜಿನಿಯರಿಂಗ್ ಕಡೆ ಹೋಗಬಹುದಾ? ದಾರಿ ಗೊತ್ತಿದ್ದವರು ಹೇಳಿ

ಶಾಲ್ಮಲಾ_ಧಾರವಾಡ
ಎಲ್ಲರಿಗೂ ನಮಸ್ಕಾರ. ಬಿ.ಎಸ್ಸಿಯಲ್ಲಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಓದಿದೆ, ಆಮೇಲೆ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಈಗ ಒಂದು ಎಪಿಐ ಕಂಪನಿಯಲ್ಲಿ, ಕ್ಯೂಸಿ (ಗುಣಮಟ್ಟ ಪರೀಕ್ಷೆ) ವಿಭಾಗದಲ್ಲಿದ್ದೇನೆ. ಎಪಿಐ ಅಂದರೆ ಮಾತ್ರೆಯೊಳಗಿನ ಮೂಲ ಔಷಧಿ. ಬೆಳಗ್ಗೆಯಿಂದ ಸಂಜೆವರೆಗೆ ಎಚ್‌ಪಿಎಲ್‌ಸಿ (ಔಷಧಿಯ ಶುದ್ಧತೆ ಅಳೆಯುವ ಯಂತ್ರ) ಮುಂದೆ ಕೂರುವುದೇ ಕೆಲಸ.

ಇತ್ತೀಚೆಗೆ ಒಂದು ಹೊಸ ಪ್ರಾಡಕ್ಟ್ ಲ್ಯಾಬಿನಲ್ಲಿ ಚೆನ್ನಾಗಿ ಬಂತು. ಪ್ಲಾಂಟಿಗೆ ಹೋದ ತಕ್ಷಣ ಒಂದು ಹೊಸ ಪೀಕ್ (ಬೇಡದ ಕಲ್ಮಶದ, ಅಂದರೆ ಇಂಪ್ಯೂರಿಟಿಯ ಗುರುತು) ಕಾಣಿಸಿತು. ಅದನ್ನು ನಾನೇ ಮೊದಲು ನೋಡಿದ್ದು. ಮೀಟಿಂಗಿನಲ್ಲಿ ಪ್ರೊಸೆಸ್ ಇಂಜಿನಿಯರುಗಳು ಅಡಿಷನ್ ಟೈಮ್ (ರಾಸಾಯನಿಕ ಸುರಿಯುವ ಹೊತ್ತು), ಜಾಕೆಟ್ (ರಿಯಾಕ್ಟರಿನ ಸುತ್ತ ತಂಪು ದ್ರವ ಹರಿಯುವ ಹೊದಿಕೆ), ಹೀಟ್ ಲೋಡ್ ಅಂತ ಮಾತಾಡಿಕೊಂಡರು. ಇಂಪ್ಯೂರಿಟಿಯ ರಚನೆ ನನಗೆ ಗೊತ್ತಿತ್ತು. ಅದು ಯಾಕೆ ಹುಟ್ಟಿತು ಅನ್ನುವುದು ಅವರಿಗೆ ಗೊತ್ತಿತ್ತು. ಅವತ್ತಿನಿಂದ ನನಗೆ ಆ ಕಡೆ ಹೋಗಬೇಕು ಅನ್ನಿಸಿಬಿಟ್ಟಿದೆ.

ಮತ್ತೆ ಬಿ.ಇ ಮಾಡಲೇಬೇಕಾ? ಗೇಟ್ ಬರೆದು ನೇರವಾಗಿ ಎಂ.ಟೆಕ್ ಸಿಗುತ್ತದಾ? ಮನೆಯಲ್ಲಿ "ಬಿ.ಎಡ್ ಮಾಡು, ಪಿಯು ಲೆಕ್ಚರರ್ ಆಗು" ಅಂತಾರೆ. ವಯಸ್ಸು 26.

ಗೇಟ್_ತಯಾರಿ
ಗೇಟ್‌ನಲ್ಲಿ ಸಿಎಚ್ (ಕೆಮಿಕಲ್ ಇಂಜಿನಿಯರಿಂಗ್) ಪೇಪರ್ ಇದೆ. ವಿಜ್ಞಾನ ಪದವಿ ಇದ್ದವರೂ ಬರೆಯಬಹುದು. ಒಳ್ಳೆ ರ‍್ಯಾಂಕ್ ತೆಗೆದರೆ ಆಯ್ತು, ಅಲ್ವಾ?

ಪಣಂಬೂರು_ಪ್ಲಾಂಟ್
@ಗೇಟ್_ತಯಾರಿ ಪರೀಕ್ಷೆ ಬರೆಯಲು ಬಿಡುವುದು ಬೇರೆ, ಸೀಟು ಕೊಡುವುದು ಬೇರೆ. ಕೆಮಿಕಲ್ ಎಂ.ಟೆಕ್‌ಗೆ ಹೆಚ್ಚಿನ ಐಐಟಿ, ಎನ್‌ಐಟಿಗಳು ಬಿ.ಇ/ಬಿ.ಟೆಕ್ ಕೇಳುತ್ತವೆ. ಎಂ.ಎಸ್ಸಿ ಕೆಮಿಸ್ಟ್ರಿಯವರಿಗೆ ಬಾಗಿಲು ತೆರೆದಿರುವುದು ಪಾಲಿಮರ್, ಮೆಟೀರಿಯಲ್ಸ್, ಪರಿಸರ, ಎನರ್ಜಿ ಇಂಥ ಎಂ.ಟೆಕ್‌ಗಳಲ್ಲಿ. ಒಂದೊಂದು ಕಡೆ ಒಂದೊಂದು ನಿಯಮ. ಬ್ರೋಷರಿನಲ್ಲಿ ಅರ್ಹತೆಯ ಕಾಲಂ ಓದದೆ ಒಂದು ವರ್ಷ ಕೋಚಿಂಗಿಗೆ ದುಡ್ಡು ಹಾಕಬೇಡಿ.

ಎಂಆರ್‌ಪಿಎಲ್, ಇಂಡಿಯನ್ ಆಯಿಲ್‌ನಂಥ ತೈಲ ಕಂಪನಿಗಳಲ್ಲಿ ಇಂಜಿನಿಯರ್ ಆಫೀಸರ್ ಹುದ್ದೆಗೂ ಅದೇ ಕಥೆ. ಗೇಟ್ ಸ್ಕೋರ್ ಎಷ್ಟಿದ್ದರೂ ಕೈಯಲ್ಲಿ ಇಂಜಿನಿಯರಿಂಗ್ ಪದವಿ ಇರಬೇಕು.

ಶಾಲ್ಮಲಾ_ಧಾರವಾಡ
ಅಯ್ಯೋ, ಅದನ್ನೇ ನಂಬಿಕೊಂಡಿದ್ದೆ. ಹಾಗಾದರೆ ಲ್ಯಾಟರಲ್ ಎಂಟ್ರಿ?

ಹಳೇ_ಮೇಷ್ಟ್ರು
ಎಐಸಿಟಿಇ (ದೇಶದ ತಾಂತ್ರಿಕ ಶಿಕ್ಷಣ ಮಂಡಳಿ) ನಿಯಮದಲ್ಲಿ ಅವಕಾಶ ಇದೆಯಮ್ಮ. ಪಿಯುಸಿಯಲ್ಲಿ ಗಣಿತ ಓದಿ, ಬಿ.ಎಸ್ಸಿ ಪಾಸಾದವರು ಬಿ.ಇ ಎರಡನೇ ವರ್ಷಕ್ಕೆ ಸೇರಬಹುದು. ಆದರೆ ಅದನ್ನು ಜಾರಿಗೆ ತರುವುದು ಆಯಾ ರಾಜ್ಯ. ಮಹಾರಾಷ್ಟ್ರ, ತಮಿಳುನಾಡಿನಲ್ಲಿ ಬಿ.ಎಸ್ಸಿಯವರನ್ನು ತೆಗೆದುಕೊಳ್ಳುವ ಪದ್ಧತಿ ಇದೆ. ನಮ್ಮ ಡಿಸಿಇಟಿ ಡಿಪ್ಲೊಮಾದವರಿಗಾಗಿ ಇರುವ ಪರೀಕ್ಷೆ. ಅರ್ಜಿ ಹಾಕುವ ಮೊದಲು ಕೆಇಎಯಲ್ಲಿ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ಮತ್ತು ಕಾಲೇಜಿನಲ್ಲಿ ಎರಡೂ ಕಡೆ ಕೇಳಿ.

ಕೆಮಿಕಲ್ ಬ್ರಾಂಚ್ ಎಲ್ಲ ಕಾಲೇಜುಗಳಲ್ಲೂ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಆರ್‌ವಿ, ಬಿಎಂಎಸ್, ರಾಮಯ್ಯ, ತುಮಕೂರಿನಲ್ಲಿ ಸಿದ್ಧಗಂಗಾ, ಆ ಕಡೆ ಸುರತ್ಕಲ್, ಮಣಿಪಾಲ. ಇವು ನಾನು ಬಲ್ಲವು.

ಪೀಣ್ಯ_560058
26ಕ್ಕೆ ಮತ್ತೆ ಮೂರು ವರ್ಷ ಬೆಂಚಿನ ಮೇಲೆ ಕೂತು, 29ಕ್ಕೆ ಫ್ರೆಷರ್ ಆಗಬೇಕಾ? ಬೇಡ ಮೇಡಂ. ಎಎಂಐಇ (ಇಂಜಿನಿಯರುಗಳ ಸಂಸ್ಥೆ ನಡೆಸುವ ಪರೀಕ್ಷೆ) ಥರ ದೂರಶಿಕ್ಷಣದಲ್ಲಿ ಮಾಡಿ. ಕೆಲಸ ಬಿಡಬೇಕಾಗಿಲ್ಲ.

ಪಣಂಬೂರು_ಪ್ಲಾಂಟ್
@ಪೀಣ್ಯ_560058 ಅದು ಹಳೇ ಮಾತು. ಆ ಥರದ ಪರೀಕ್ಷೆಗಳಿಗೆ 2013ರ ಮೇ 31ರೊಳಗೆ ನೋಂದಾಯಿಸಿಕೊಂಡವರಿಗೆ ಮಾತ್ರ ಬಿ.ಇಗೆ ಸಮ ಅನ್ನುವ ಸರ್ಕಾರದ ಮಾನ್ಯತೆ. ಈಗ ಸೇರಿದರೆ ಓದು ಸಿಗುತ್ತದೆ, ಪದವಿಯ ಬೆಲೆ ಸಿಗುವುದಿಲ್ಲ. ದಯವಿಟ್ಟು ಯಾರಿಗೂ ಈ ಸಲಹೆ ಕೊಡಬೇಡಿ.

ಜಿಗಣಿ_ಪ್ರೊಸೆಸ್
ನಾನು ಎಂ.ಎಸ್ಸಿ ಮಾಡಿ ಪ್ರೊಸೆಸ್ ಟೀಮಿಗೆ ಬಂದವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನಿಮ್ಮ ಆ ಪೀಕ್ ವಿಷಯ. ಲ್ಯಾಬಿನಲ್ಲಿ 1 ಲೀಟರ್ ಫ್ಲಾಸ್ಕ್. ಪ್ಲಾಂಟಿನಲ್ಲಿ ಒಳಗೆ ಗಾಜಿನ ಲೇಪ ಇರುವ 1000 ಲೀಟರ್ ರಿಯಾಕ್ಟರ್, ಅಂದರೆ ಜಿಎಲ್‌ಆರ್. ಅಳತೆ 1000 ಪಟ್ಟು ಹೆಚ್ಚಿತು, ಆದರೆ ಪಾತ್ರೆಯ ಮೇಲ್ಮೈ ಹೆಚ್ಚುವುದು ಸುಮಾರು 100 ಪಟ್ಟು ಮಾತ್ರ. ಶಾಖ ಹುಟ್ಟುವುದು ಇಡೀ ದ್ರವದಲ್ಲಿ, ಹೊರಗೆ ಹೋಗುವುದು ಗೋಡೆಯ ಮೂಲಕ. ಅಂದರೆ ಒಂದೊಂದು ಲೀಟರಿಗೆ ಸಿಗುವ ತಂಪು ಮಾಡುವ ಜಾಗ ಹತ್ತನೇ ಒಂದು ಭಾಗಕ್ಕೆ ಇಳಿಯಿತು. ಫ್ಲಾಸ್ಕಿನಲ್ಲಿ 20 ನಿಮಿಷದಲ್ಲಿ ಹಾಕಿದ ಬೇಸ್ (ಕ್ಷಾರ) ಅನ್ನು ಪ್ಲಾಂಟಿನಲ್ಲಿ ಗಂಟೆಗಟ್ಟಲೆ ಹಾಕಬೇಕಾಗುತ್ತದೆ. ಅಷ್ಟು ಹೊತ್ತು ಮೊದಲೇ ತಯಾರಾದ ಪ್ರಾಡಕ್ಟ್ ಬೇಸ್ ಜೊತೆ ಕೂತು ಕೆಡುತ್ತದೆ. ಹೊಸ ಪೀಕ್ ಬರುತ್ತದೆ. ನಿಮ್ಮ ಕಂಪನಿಯಲ್ಲಿ ಆದದ್ದು ಇದೇ ಇರಬಹುದು.

ಈಗ ನಿಮ್ಮ ಪ್ರಶ್ನೆಗೆ. ಖಾಸಗಿ ಫಾರ್ಮಾದಲ್ಲಿ ಬಿ.ಇ ಇಲ್ಲದೆ ಬರಬಹುದು. ದಾರಿ ಹೀಗೆ: ಕ್ಯೂಸಿಯಿಂದ ಪ್ರೊಸೆಸ್ ಆರ್&ಡಿ, ಅಲ್ಲಿಂದ ಕಿಲೋ ಲ್ಯಾಬ್ (ಕಿಲೋ ಲೆಕ್ಕದಲ್ಲಿ ತಯಾರಿಸಿ ನೋಡುವ ಲ್ಯಾಬ್), ಅಲ್ಲಿಂದ ಲ್ಯಾಬಿನ ವಿಧಾನವನ್ನು ಪ್ಲಾಂಟಿಗೆ ಒಯ್ಯುವ ಟೆಕ್ ಟ್ರಾನ್ಸ್‌ಫರ್. ಕ್ಯೂಸಿಯಿಂದ ನೇರ ಪ್ರೊಸೆಸ್ ಇಂಜಿನಿಯರಿಂಗಿಗೆ ಯಾರೂ ತೆಗೆದುಕೊಳ್ಳುವುದಿಲ್ಲ. ಮಧ್ಯದ ಮೆಟ್ಟಿಲು ಕಿಲೋ ಲ್ಯಾಬ್. ಅಲ್ಲಿ ಕೆಮಿಸ್ಟ್ ಮತ್ತು ಇಂಜಿನಿಯರ್ ಇಬ್ಬರೂ ಒಂದೇ ರಿಯಾಕ್ಟರ್ ಮುಂದೆ ನಿಂತಿರುತ್ತಾರೆ. ಮೊದಲು ಅಲ್ಲಿಗೆ ಟ್ರಾನ್ಸ್‌ಫರ್ ಕೇಳಿ.

ತೆಂಕಣ_ಕಡಲು
@ಜಿಗಣಿ_ಪ್ರೊಸೆಸ್ ಹತ್ತನೇ ಒಂದು ಅನ್ನುವುದು ಬರೀ ಜಾಕೆಟ್ ಇದ್ದಾಗಿನ ಲೆಕ್ಕ. ಒಳಗೆ ಕಾಯಿಲ್ ಹಾಕಬಹುದು, ಹೊರಗೆ ಹೀಟ್ ಎಕ್ಸ್‌ಚೇಂಜರ್ ಇಟ್ಟು ಪಂಪ್‌ನಿಂದ ತಿರುಗಿಸಬಹುದು, ಸಾಲ್ವೆಂಟ್ ಕುದಿದು ಆವಿಯಾಗಿ ಮರಳಿ ಬೀಳಲು (ರಿಫ್ಲಕ್ಸ್) ಬಿಟ್ಟು ಕಂಡೆನ್ಸರಿನಲ್ಲಿ ಶಾಖ ತೆಗೆಯಬಹುದು.

ಜಿಗಣಿ_ಪ್ರೊಸೆಸ್
ಒಪ್ಪಿದೆ. ಆದರೆ ಜಿಎಲ್‌ಆರ್ ಒಳಗೆ ಕಾಯಿಲ್ ಹಾಕುವವರು ಕಡಿಮೆ. ಗಾಜಿನ ಲೈನಿಂಗ್ ಇರುವುದರಿಂದ ಶಾಖ ದಾಟುವ ವೇಗವೂ ಸ್ಟೀಲ್ ರಿಯಾಕ್ಟರಿಗಿಂತ ಕಡಿಮೆ. ಅವರ ಕೇಸಿಗೆ ಜಾಕೆಟ್ ಲೆಕ್ಕವೇ ಹೊಂದುತ್ತದೆ.

ಬೆಳಗಾವಿ_ಸಕ್ಕರಿ
ತಂಗಿ, ಎಲ್ಲರೂ ಫಾರ್ಮಾ, ಗೇಟ್ ಅಂತ ಹೇಳುತ್ತಿದ್ದಾರೆ. ನಮ್ಮ ಕಡೆ ಒಂದು ಹಳೇ ದಾರಿ ಇದೆ ನೋಡ್ರಿ. ಧಾರವಾಡದವರಿಗೆ ಎರಡು ತಾಸಿನ ಹಾದಿ.

ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಕಾನ್ಪುರದಲ್ಲಿ 1936ರಲ್ಲಿ ಶುರುವಾದ ರಾಷ್ಟ್ರೀಯ ಸಕ್ಕರೆ ಸಂಸ್ಥೆ ಇದೆ. ಸಕ್ಕರೆ ತಂತ್ರಜ್ಞಾನ, ಆಲ್ಕೋಹಾಲ್ ತಂತ್ರಜ್ಞಾನದ ಪಿ.ಜಿ ಡಿಪ್ಲೊಮಾಗಳಿಗೆ ಬಿ.ಎಸ್ಸಿಯವರನ್ನೇ ತೆಗೆದುಕೊಳ್ಳುತ್ತಾರೆ. ಬಿ.ಇ ಬೇಕಾಗಿಲ್ಲ. ಫ್ಯಾಕ್ಟರಿಯಲ್ಲಿ ಸಿಗುವ ಕೆಲಸದ ಹೆಸರು ಮ್ಯಾನುಫ್ಯಾಕ್ಚರಿಂಗ್ ಕೆಮಿಸ್ಟ್. ಆದರೆ ಕೆಲಸ ಪೂರ್ತಿ ಕೆಮಿಕಲ್ ಇಂಜಿನಿಯರಿಂಗ್. ಹಾಲಿಗೆ ಸುಣ್ಣ ಹಾಕಿ ತಿಳಿಗೊಳಿಸುವುದು, ಎವಾಪರೇಟರ್, ಪ್ಯಾನ್, ಸೆಂಟ್ರಿಫ್ಯೂಜ್ ಎಲ್ಲ ನಿಮ್ಮ ಕೈಯಲ್ಲಿ.

ಎವಾಪರೇಟರ್ ಸಾಲು ಒಂದನ್ನೇ ತಗೊಳ್ಳಿ. ಮೊದಲ ಪಾತ್ರೆಗೆ ಸ್ಟೀಮ್ ಕೊಡುತ್ತೇವೆ. ಅದರಲ್ಲಿ ಎದ್ದ ಆವಿ ಎರಡನೇ ಪಾತ್ರೆಯನ್ನು ಕಾಯಿಸುತ್ತದೆ, ಅದರ ಆವಿ ಮೂರನೆಯದನ್ನು. ಮುಂದಕ್ಕೆ ಹೋದ ಹಾಗೆ ವ್ಯಾಕ್ಯೂಮ್ ಜಾಸ್ತಿ, ಕುದಿಯುವ ತಾಪಮಾನ ಕಡಿಮೆ. ಒಂದೇ ಸ್ಟೀಮಿನಿಂದ ನಾಲ್ಕೈದು ಸಲ ಕೆಲಸ. ಇದರ ಮಾಸ್ ಬ್ಯಾಲೆನ್ಸ್, ಹೀಟ್ ಬ್ಯಾಲೆನ್ಸ್ ದಿನಾ ಮಾಡುವವರಿಗೆ ಯಾವ ಕಾಲೇಜೂ ಅದಕ್ಕಿಂತ ಜಾಸ್ತಿ ಕಲಿಸುವುದಿಲ್ಲ.

ಹಳ್ಳಿ_ಹೈದ
"ಹಾಲಿಗೆ ಸುಣ್ಣ"? ಸಕ್ಕರೆ ಫ್ಯಾಕ್ಟರಿಯಲ್ಲಿ ಹಾಲು ಎಲ್ಲಿಂದ ಬಂತು ಅಣ್ಣ?

ಬೆಳಗಾವಿ_ಸಕ್ಕರಿ
ಕಬ್ಬಿನ ಹಾಲು ತಮ್ಮ. ಕಬ್ಬಿನ ರಸಕ್ಕೆ ಹಾಗೇ ಅನ್ನುತ್ತೇವೆ.

ಪೀಣ್ಯ_560058
ಸಕ್ಕರೆ ಫ್ಯಾಕ್ಟರಿ ಅಂದರೆ ಹಂಗಾಮು ಇದ್ದಾಗ ಮಾತ್ರ ಕೆಲಸ, ಆಮೇಲೆ ರಿಪೇರಿ. ಹೆಣ್ಣುಮಗಳಿಗೆ ಅಲ್ಲಿ ಏನು ಭವಿಷ್ಯ?

ಬೆಳಗಾವಿ_ಸಕ್ಕರಿ
ಡಿಸ್ಟಿಲರಿ ನೋಡ್ರಿ. ಕಾಕಂಬಿ, ಕಬ್ಬಿನ ರಸ, ಧಾನ್ಯ ಯಾವುದರಿಂದಲಾದರೂ ಎಥೆನಾಲ್ ಮಾಡುತ್ತಾರೆ. ಹಂಗಾಮು ಮುಗಿದರೂ ಧಾನ್ಯದ ಮೇಲೆ ನಡೆಯುತ್ತದೆ. ಪೆಟ್ರೋಲಿಗೆ ಶೇ 20 ಎಥೆನಾಲ್ ಬೆರೆಸುವ ಗುರಿಯನ್ನು ಕೇಂದ್ರ 2030ರಿಂದ 2025-26ಕ್ಕೆ ಹಿಂದಕ್ಕೆ ತಂದ ಮೇಲೆ ಬೆಳಗಾವಿ, ಬಾಗಲಕೋಟೆ ಕಡೆ ಡಿಸ್ಟಿಲರಿ ಕೆಲಸ ತುಂಬಾ ಬೆಳೆದಿದೆ.

ಎಂ.ಎಸ್ಸಿಯಲ್ಲಿ ಅಜಿಯೋಟ್ರೋಪ್ (ಬಟ್ಟಿ ಇಳಿಸಿ ಬೇರೆ ಮಾಡಲಾಗದ ಮಿಶ್ರಣ) ಓದಿರುತ್ತೀರಿ. ಬಟ್ಟಿ ಇಳಿಸಿದರೆ ಎಥೆನಾಲ್ ಸುಮಾರು ಶೇ 95ಕ್ಕೆ ನಿಂತುಬಿಡುತ್ತದೆ. ಇಂಧನಕ್ಕೆ ಶೇ 99ರ ಮೇಲೆ ಬೇಕು. ಉಳಿದ ನೀರನ್ನು ಮಾಲೆಕ್ಯುಲರ್ ಸೀವ್ ಹೀರಿಕೊಳ್ಳುತ್ತದೆ. ನೀವು ಓದಿದ್ದು ಇಲ್ಲಿ ದಿನಾ ಕೆಲಸಕ್ಕೆ ಬರುತ್ತದೆ.

ಬೈಕ್_ಬಸವ
ಎಥೆನಾಲ್ ವಿಷಯ ಬಂತಲ್ಲ, ನನ್ನ ಬೈಕ್ ಮೈಲೇಜ್ ಇಳಿದಿದ್ದಕ್ಕೆ ಅದೇ ಕಾರಣನಾ?

ತೆಂಕಣ_ಕಡಲು
ಸ್ವಲ್ಪ ಮಟ್ಟಿಗೆ ಹೌದು. ಎಥೆನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ ಶಕ್ತಿ. ಶೇ 20 ಬೆರೆಸಿದರೆ ಲೀಟರಿನ ಒಟ್ಟು ಶಕ್ತಿ ಶೇ 6-7 ಕಡಿಮೆ. ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಗಾಡಿ ಸರ್ವಿಸ್ ಮಾಡಿಸಿ.

ಬೈಕ್_ಬಸವ
ಆದರೆ ರೇಟು ಮಾತ್ರ ಇಳಿಯಲಿಲ್ಲ!

ನಿರ್ವಾಹಕ
ಪೆಟ್ರೋಲ್ ರೇಟಿಗೆ ಬೇರೆ ಚರ್ಚೆ ಶುರು ಮಾಡಿ. ಇಲ್ಲಿ ವಿಷಯಕ್ಕೆ ಬನ್ನಿ.

ಕೋರ್_ಬ್ರಾಂಚ್
ನೇರವಾಗಿ ಹೇಳುತ್ತೇನೆ, ಬೇಜಾರು ಬೇಡ. ನಾವು ನಾಲ್ಕು ವರ್ಷ ಫ್ಲೂಯಿಡ್ ಮೆಕ್ಯಾನಿಕ್ಸ್, ಹೀಟ್ ಟ್ರಾನ್ಸ್‌ಫರ್, ಮಾಸ್ ಟ್ರಾನ್ಸ್‌ಫರ್, ಪ್ರೊಸೆಸ್ ಕಂಟ್ರೋಲ್ ಓದಿ ಬರುತ್ತೇವೆ. ಕೆಮಿಸ್ಟುಗಳು ಪ್ಲಾಂಟಿಗೆ ಬಂದು ಪಂಪ್ ಯಾಕೆ ಕ್ಯಾವಿಟೇಟ್ ಆಗುತ್ತದೆ (ಒಳಗೆ ಆವಿಯ ಗುಳ್ಳೆ ಹುಟ್ಟುತ್ತದೆ) ಅಂತ ಕೇಳುತ್ತಾರೆ. ಕೆಮಿಕಲ್ ಇಂಜಿನಿಯರಿಂಗ್ ಅಂದರೆ ದೊಡ್ಡ ಕೆಮಿಸ್ಟ್ರಿ ಅಲ್ಲ. ಅದರಲ್ಲಿ ಕೆಮಿಸ್ಟ್ರಿ ಕಡಿಮೆ. ಕೆಲಸ ಬೇಕಾದರೆ ಪದವಿ ಮಾಡಲಿ.

ಹಳೇ_ಮೇಷ್ಟ್ರು
ಕೆಮಿಸ್ಟ್ರಿ ಕಡಿಮೆ ಅನ್ನುವ ಮಾತು ಪಠ್ಯದ ಮಟ್ಟಿಗೆ ಸರಿ. ಆದರೆ ಕೆಮಿಸ್ಟುಗಳಿಗೆ ಇದು ಬರುವುದಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಈ ವಿಷಯವನ್ನು ಕಾಲೇಜಿಗೆ ತಂದವರಲ್ಲಿ ಕೆಮಿಸ್ಟುಗಳೇ ಇದ್ದರು. 1888ರಲ್ಲಿ ಅಮೆರಿಕದ ಎಂಐಟಿಯಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಕೋರ್ಸ್ ಶುರು ಮಾಡಿದ ಲೂಯಿಸ್ ನಾರ್ಟನ್ ಕೆಮಿಸ್ಟ್ರಿ ಪ್ರೊಫೆಸರ್.

ಅಮೋನಿಯಾ ಕಾರ್ಖಾನೆ ಕಟ್ಟಿದ ಜರ್ಮನಿಯ ಕಾರ್ಲ್ ಬಾಷ್ ವಿಷಯ ಇನ್ನೂ ಚೆನ್ನಾಗಿದೆ. ಮೊದಲು ಲೋಹಶಾಸ್ತ್ರ, ಮೆಕ್ಯಾನಿಕಲ್ ಓದಿ, ಆಮೇಲೆ ಕೆಮಿಸ್ಟ್ರಿಯಲ್ಲಿ ಡಾಕ್ಟರೇಟ್ ಮಾಡಿದವರು. ಫ್ರಿಟ್ಜ್ ಹೇಬರ್ ಅನ್ನುವ ಕೆಮಿಸ್ಟ್ ಮೇಜಿನ ಮೇಲೆ ಅಮೋನಿಯಾ ಮಾಡಿ ತೋರಿಸಿದರು. ಅದನ್ನು ದೊಡ್ಡದು ಮಾಡಲು ಹೋದಾಗ ಸ್ಟೀಲಿನ ರಿಯಾಕ್ಟರುಗಳೇ ಒಡೆದವು. ಬಿಸಿಯಲ್ಲಿ, ಹೆಚ್ಚಿನ ಒತ್ತಡದಲ್ಲಿ ಹೈಡ್ರೋಜನ್ ಉಕ್ಕಿನೊಳಗೆ ಹೊಕ್ಕು ಅದರ ಕಾರ್ಬನ್ ತಿಂದುಹಾಕುತ್ತಿತ್ತು. ಬಾಷ್ ಒಳಗಡೆ ಮೆದು ಕಬ್ಬಿಣದ ಪದರ ಕೊಟ್ಟು, ಹೊರಗಿನ ಉಕ್ಕಿಗೆ ಸಣ್ಣ ತೂತು ಕೊರೆಸಿ, ನುಗ್ಗಿದ ಹೈಡ್ರೋಜನ್ ಹೊರಗೆ ಹೋಗುವ ಹಾಗೆ ಮಾಡಿದರು. 1913ರಲ್ಲಿ ಜರ್ಮನಿಯ ಒಪ್ಪೌನಲ್ಲಿ ಆ ಅಮೋನಿಯಾ ಕಾರ್ಖಾನೆ ಶುರುವಾಯಿತು. ಲೋಹವೂ ಕೆಮಿಸ್ಟ್ರಿಯೂ ಎರಡೂ ಗೊತ್ತಿದ್ದರಿಂದ ಸಿಕ್ಕ ಉತ್ತರ ಅದು.

ಕೋರ್_ಬ್ರಾಂಚ್
ಬಾಷ್ ಕಥೆ ಚೆನ್ನಾಗಿದೆ ಸರ್. ಆದರೆ ಕೆಲಸಕ್ಕೆ ಆಯ್ಕೆ ಮಾಡುವ ಎಚ್‌ಆರ್ ಪದವಿಯ ಹೆಸರು ನೋಡುತ್ತಾರೆ, ಕಥೆ ಕೇಳುವುದಿಲ್ಲ. ನಾನು ಹೇಳಿದ್ದು ಅದನ್ನೇ.

ಜಿಗಣಿ_ಪ್ರೊಸೆಸ್
@ಕೋರ್_ಬ್ರಾಂಚ್ ಹೊರಗಿನಿಂದ ಅರ್ಜಿ ಹಾಕಿದರೆ ನೀವು ಹೇಳಿದ್ದು ನಿಜ. ಅದಕ್ಕೇ ಒಳಗಿನಿಂದ ಟ್ರಾನ್ಸ್‌ಫರ್ ಆಗಿ ಅಂತ ಹೇಳಿದ್ದು. ಒಂದು ಸಲ ರೆಸ್ಯೂಮೆಯಲ್ಲಿ ಸ್ಕೇಲಪ್ (ಲ್ಯಾಬಿನದನ್ನು ದೊಡ್ಡದು ಮಾಡುವುದು), ಹ್ಯಾಜಾಪ್ (ಅಪಾಯಗಳ ಪರಿಶೀಲನೆ) ಅಂತ ಬಂದರೆ ಮುಂದಿನ ಕಂಪನಿ ಪದವಿಯ ಹೆಸರನ್ನು ಅಷ್ಟು ಕೆದಕುವುದಿಲ್ಲ.

ಇನ್ನೊಂದು. ಇಂಜಿನಿಯರುಗಳಿಗೂ ಕೆಮಿಸ್ಟ್ರಿ ಬೇಕೇ ಬೇಕು. 2007ರ ಡಿಸೆಂಬರಿನಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಟಿ2 ಲ್ಯಾಬೊರೇಟರೀಸ್ ರಿಯಾಕ್ಟರ್ ಸಿಡಿದು ನಾಲ್ವರು ಸತ್ತರು. ತಂಪು ಮಾಡುವ ವ್ಯವಸ್ಥೆ ಕೈಕೊಟ್ಟಿತು, ರಿಯಾಕ್ಷನ್ ಹತೋಟಿ ತಪ್ಪಿತು. ಆ ಮಿಶ್ರಣ ಬಿಸಿ ಏರಿದರೆ ಇನ್ನೊಂದು ರಿಯಾಕ್ಷನ್ ಶುರುವಾಗುತ್ತದೆ ಅನ್ನುವುದು ಅವರ ಲೆಕ್ಕದಲ್ಲಿ ಇರಲಿಲ್ಲ. ತನಿಖೆ ಮಾಡಿದ ಅಲ್ಲಿನ ರಾಸಾಯನಿಕ ಸುರಕ್ಷತಾ ಮಂಡಳಿ ಸಿಎಸ್‌ಬಿ, ಕೆಮಿಕಲ್ ಇಂಜಿನಿಯರಿಂಗ್ ಪಠ್ಯದಲ್ಲೇ ಇಂಥ ಅಪಾಯಗಳನ್ನು ಕಲಿಸಬೇಕು ಅಂತ ಶಿಫಾರಸು ಮಾಡಿತು. ನಮ್ಮ ದೇಶದಲ್ಲಿ 1984ರ ಭೋಪಾಲ್ ಆದಮೇಲೂ ಈ ಮಾತನ್ನು ಬಿಡಿಸಿ ಹೇಳಬೇಕಾ?

ಕೋರ್_ಬ್ರಾಂಚ್
ಸುರಕ್ಷತೆಯ ಮಾತು ಒಪ್ಪುತ್ತೇನೆ. ಅಂಥ ಟೀಮಿನಲ್ಲಿ ಒಬ್ಬ ಒಳ್ಳೆ ಆರ್ಗ್ಯಾನಿಕ್ ಕೆಮಿಸ್ಟ್ ಇರಲೇಬೇಕು. ಶಾಲ್ಮಲಾ ಅವರೇ, ನಿಮ್ಮ ಕಂಪನಿಯಲ್ಲಿ ಪ್ರೊಸೆಸ್ ಸೇಫ್ಟಿ ಲ್ಯಾಬ್ ಇದೆಯಾ? ರಿಯಾಕ್ಷನ್ ಕ್ಯಾಲೊರಿಮೀಟರ್ (ರಿಯಾಕ್ಷನ್ ಬಿಡುವ ಶಾಖ ಅಳೆಯುವ ಯಂತ್ರ) ಇರುವ ಕಡೆ ಹೋಗಿ. ಅಲ್ಲಿ ನಿಮ್ಮ ಪದವಿ ಯಾರಿಗೂ ಕಡಿಮೆ ಅನ್ನಿಸುವುದಿಲ್ಲ.

ಶಾಲ್ಮಲಾ_ಧಾರವಾಡ
ಇದೆ ಸರ್, ಚಿಕ್ಕದು. ಅಲ್ಲಿಗೆ ಹೋಗಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಗಣಿತ ಎಷ್ಟು ಬೇಕಾಗುತ್ತದೆ? ಬಿ.ಎಸ್ಸಿಯ ಡಿಫರೆನ್ಷಿಯಲ್ ಈಕ್ವೇಶನ್ಸ್ ಇನ್ನೂ ಸ್ವಲ್ಪ ನೆನಪಿದೆ.

ಹಳೇ_ಮೇಷ್ಟ್ರು
ಒಂದು ಲೆಕ್ಕ ಕೊಡುತ್ತೇನೆ, ಮಾಡಿ ನೋಡಮ್ಮ. ಒಂದು ಮೋಲಿಗೆ 100 ಕಿಲೋಜೂಲ್ ಶಾಖ ಬಿಡುವ ರಿಯಾಕ್ಷನ್. ಬ್ಯಾಚಿನಲ್ಲಿ 2 ಕಿಲೋಮೋಲ್. ಜಾಕೆಟ್ಟಿನ ಜಾಗ 4 ಚದರ ಮೀಟರ್, ಯು ಬೆಲೆ 300 ವ್ಯಾಟ್ (ಒಂದು ಚದರ ಮೀಟರಿಗೆ, ಒಂದು ಡಿಗ್ರಿಗೆ), ಒಳಗೂ ಜಾಕೆಟ್ಟಿಗೂ 20 ಡಿಗ್ರಿ ವ್ಯತ್ಯಾಸ. ಕಡಿಮೆ ಎಂದರೆ ಎಷ್ಟು ಹೊತ್ತಿನಲ್ಲಿ ಅಡಿಷನ್ ಮಾಡಬಹುದು?

ಶಾಲ್ಮಲಾ_ಧಾರವಾಡ
ಒಟ್ಟು ಶಾಖ 2,00,000 ಕಿಲೋಜೂಲ್. ಜಾಕೆಟ್ ತೆಗೆಯುವುದು 300 × 4 × 20 = 24,000 ವ್ಯಾಟ್, ಅಂದರೆ ಸೆಕೆಂಡಿಗೆ 24 ಕಿಲೋಜೂಲ್. ಭಾಗಿಸಿದರೆ ಸುಮಾರು 8,300 ಸೆಕೆಂಡ್. ಹತ್ತಿರ ಹತ್ತಿರ 2 ಗಂಟೆ 20 ನಿಮಿಷ. ಸರಿನಾ ಸರ್?

ಹಳೇ_ಮೇಷ್ಟ್ರು
ಸರಿ. ಹಾಕಿದ ತಕ್ಷಣ ರಿಯಾಕ್ಟ್ ಆಗುತ್ತದೆ ಅಂತ ಇಟ್ಟುಕೊಂಡು ಮಾಡಿದ ಲೆಕ್ಕ ಇದು. ನಿಧಾನವಾಗಿ ರಿಯಾಕ್ಟ್ ಆದರೆ ಹಾಕಿದ್ದು ಒಳಗೆ ಸೇರಿಕೊಳ್ಳುತ್ತಾ ಹೋಗಿ ಒಮ್ಮೆಗೇ ಹೊತ್ತಿಕೊಳ್ಳಬಹುದು, ಅದು ಇನ್ನೂ ಅಪಾಯ. ಮೊದಲು ಮಟೀರಿಯಲ್ ಮತ್ತು ಎನರ್ಜಿ ಬ್ಯಾಲೆನ್ಸ್ ಗಟ್ಟಿ ಮಾಡಿಕೊಳ್ಳಿ. ಆಮೇಲೆ ಫ್ಲೂಯಿಡ್, ಹೀಟ್, ಮಾಸ್ ಟ್ರಾನ್ಸ್‌ಫರ್, ರಿಯಾಕ್ಷನ್ ಇಂಜಿನಿಯರಿಂಗ್. ಎನ್‌ಪಿಟಿಇಎಲ್‌ನಲ್ಲಿ ಎಲ್ಲದಕ್ಕೂ ಉಚಿತ ಪಾಠ ಇದೆ. ವಿಡಿಯೊ ಸುಮ್ನೆ ನೋಡಬೇಡಿ, ಕೊನೆಯ ಲೆಕ್ಕಗಳನ್ನು ಕೈಯಲ್ಲಿ ಮಾಡಿ.

ನೈಟ್_ಶಿಫ್ಟ್_ಅಕ್ಕ
ಮೇಲೆ ಯಾರೋ "ಹೆಣ್ಣುಮಗಳಿಗೆ ಏನು ಭವಿಷ್ಯ" ಅಂದರು. ನಾನು ಪ್ರೊಡಕ್ಷನ್‌ನಲ್ಲಿದ್ದೇನೆ. ಕರ್ನಾಟಕದಲ್ಲಿ 2019ರಿಂದ ಕಾರ್ಖಾನೆಗಳಲ್ಲಿ ಹೆಂಗಸರು ರಾತ್ರಿ ಪಾಳಿ ಮಾಡಲು ಷರತ್ತಿನ ಮೇಲೆ ಅನುಮತಿ ಇದೆ. ಒಪ್ಪಿಗೆ ಇರಬೇಕು, ಗಾಡಿ ಕೊಡಬೇಕು, ಭದ್ರತೆ ಕೊಡಬೇಕು. ಹಿಂದೆ ಇದ್ದ ಒಂದು ಕಂಪನಿ ಇದನ್ನೇ ನೆಪ ಮಾಡಿಕೊಂಡು ನನ್ನನ್ನು ಡಾಕ್ಯುಮೆಂಟೇಶನ್‌ಗೆ ಹಾಕಿತ್ತು. ಗಾಡಿಯ ಖರ್ಚು ಉಳಿಸಲು ಅಷ್ಟೇ. ತಂಗಿ, ಇಂಟರ್ವ್ಯೂನಲ್ಲೇ ಕೇಳು: ಶಾಪ್ ಫ್ಲೋರಿನಲ್ಲಿ ಎಷ್ಟು ಜನ ಹೆಂಗಸರಿದ್ದಾರೆ, ಬಟ್ಟೆ ಬದಲಿಸುವ ಕೋಣೆ ಇದೆಯಾ ಅಂತ. ಶಿಫ್ಟ್ ಮಾಡದೆ ಪ್ಲಾಂಟ್ ಕಲಿಯಲು ಆಗುವುದಿಲ್ಲ, ಬಿಟ್ಟುಕೊಡಬೇಡ.

ಪೀಣ್ಯ_560058
ಅಕ್ಕ, ನಾನು ಕೇಳಿದ್ದು ಸಕ್ಕರೆ ಫ್ಯಾಕ್ಟರಿ ಬಗ್ಗೆ.

ನೈಟ್_ಶಿಫ್ಟ್_ಅಕ್ಕ
ಯಾವ ಫ್ಯಾಕ್ಟರಿ ಆದರೂ ಪ್ರಶ್ನೆ ಕೇಳಬೇಕಾದದ್ದು ಮಾಲೀಕರಿಗೆ, ಹುಡುಗಿಗೆ ಅಲ್ಲ.

ಕೈಗಾ_ಕಡೆಯವ
ಸರ್ಕಾರಿ ದಾರಿ ಯಾರೂ ಹೇಳಲಿಲ್ಲ. ಮುಂಬೈನ ಅಣು ಸಂಶೋಧನಾ ಕೇಂದ್ರ ಬಿಎಆರ್‌ಸಿ ಒಸಿಇಎಸ್‌ನಲ್ಲಿ (ತರಬೇತಿ ಕೊಟ್ಟು ಕೆಲಸಕ್ಕೆ ತೆಗೆದುಕೊಳ್ಳುವ ಯೋಜನೆ) ಎಂ.ಎಸ್ಸಿ ಕೆಮಿಸ್ಟ್ರಿಯವರಿಗೂ ಅವಕಾಶ ಇದೆ. ಒಂದು ವರ್ಷ ತರಬೇತಿ, ಆಮೇಲೆ ಸೈಂಟಿಫಿಕ್ ಆಫೀಸರ್. ಎನ್‌ಪಿಸಿಐಎಲ್‌ನಲ್ಲಿ (ಅಣು ವಿದ್ಯುತ್ ನಿಗಮ) ಬಿ.ಎಸ್ಸಿ ಪಿಸಿಎಂನವರಿಗೆ ಸ್ಟೈಪೆಂಡರಿ ಟ್ರೈನಿ ಹುದ್ದೆಗಳು ಬರುತ್ತವೆ. ಇಂಡಿಯನ್ ಆಯಿಲ್ ರಿಫೈನರಿಗಳಲ್ಲಿ ಜೂನಿಯರ್ ಇಂಜಿನಿಯರಿಂಗ್ ಅಸಿಸ್ಟೆಂಟ್ ಪ್ರೊಡಕ್ಷನ್ ಹುದ್ದೆಗೂ ಬಿ.ಎಸ್ಸಿ ನಡೆಯುತ್ತದೆ. ವಯಸ್ಸಿನ ಮಿತಿ ಇರುತ್ತದೆ, 26 ಅಂದರೆ ತಡ ಮಾಡಬೇಡಿ.

ಫ್ರಾಂಕ್‌ಫರ್ಟ್_ಕನ್ನಡಿಗ
ಜರ್ಮನಿಯ ಆಸೆ ಇದ್ದರೆ ಒಂದು ಮಾತು. ಇಲ್ಲಿ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸಿಲ್ಲ. ಬಾಡೆನ್-ವ್ಯುರ್ಟೆಂಬರ್ಗ್‌ನಲ್ಲಿ ಮಾತ್ರ 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1500 ಯೂರೋ ಇದೆ, ಈಚೆಗೆ ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲೂ ಫೀಸು ಶುರುವಾಗಿದೆ. ಆದರೆ ಪ್ರೊಸೆಸ್ ಇಂಜಿನಿಯರಿಂಗ್ ಮಾಸ್ಟರ್ಸ್‌ಗೆ ನಿಮ್ಮ ಮಾರ್ಕ್ಸ್ ಕಾರ್ಡಿನಲ್ಲಿ ಗಣಿತ, ಥರ್ಮೋಡೈನಾಮಿಕ್ಸ್, ಟ್ರಾನ್ಸ್‌ಪೋರ್ಟ್ ವಿಷಯಗಳ ಕ್ರೆಡಿಟ್ ಎಷ್ಟಿದೆ ಅಂತ ಎಣಿಸುತ್ತಾರೆ. ಬರೀ ಕೆಮಿಸ್ಟ್ರಿ ಇದ್ದರೆ ಅಲ್ಲೇ ನಿಲ್ಲಿಸುತ್ತಾರೆ.

ಶಾಲ್ಮಲಾ_ಧಾರವಾಡ
ಎಲ್ಲರಿಗೂ ಧನ್ಯವಾದ. ಸೋಮವಾರ ಪ್ರೊಸೆಸ್ ಸೇಫ್ಟಿ ಲ್ಯಾಬಿನ ಮೇಡಂ ಹತ್ತಿರ ಮಾತಾಡುತ್ತೇನೆ. ಕಿಲೋ ಲ್ಯಾಬ್‌ಗೂ ಅರ್ಜಿ ಕೊಡುತ್ತೇನೆ. ಒಸಿಇಎಸ್ ಕೂಡ ಬರೆಯುತ್ತೇನೆ. ಬೆಳಗಾವಿ ಅಣ್ಣ, ಡಿಪ್ಲೊಮಾದ ಪ್ರವೇಶ ಯಾವಾಗ ಅಂತ ಸಂಸ್ಥೆಗೇ ಫೋನ್ ಮಾಡಿ ಕೇಳುತ್ತೇನೆ. ಬಿ.ಎಡ್ ಬೇಡ ಅಂತ ಅಪ್ಪನಿಗೆ ಹೇಳುವುದೇ ಕಷ್ಟ.

ಬೆಳಗಾವಿ_ಸಕ್ಕರಿ
ಫೋನಿಗಿಂತ ಒಂದು ಸಲ ಅಪ್ಪಾಜಿಯನ್ನೇ ಕರೆದುಕೊಂಡು ಬರ್ರಿ. ಸಂಸ್ಥೆ ನೋಡಲಿ. ಹಂಗಾಮಿನಲ್ಲಿ ಬಂದರೆ ಫ್ಯಾಕ್ಟರಿಯೂ ತೋರಿಸುತ್ತೇನೆ.

ಸಿಬಿಝಡ್_ಹುಡುಗ
ತಡವಾಗಿ ಕೇಳುತ್ತಿದ್ದೇನೆ. ನಾನು ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಜೂವಾಲಜಿ), ಪಿಯುಸಿಯಲ್ಲೂ ಗಣಿತ ಇರಲಿಲ್ಲ. ನನಗೆ ಇದರಲ್ಲಿ ಯಾವುದಾದರೂ ಆಗುತ್ತದಾ?

ಜಿಗಣಿ_ಪ್ರೊಸೆಸ್
ಲ್ಯಾಟರಲ್ ಎಂಟ್ರಿ ಆಗುವುದಿಲ್ಲ, ಅಲ್ಲಿ ಗಣಿತ ಕಡ್ಡಾಯ. ನಿಮಗೆ ಫರ್ಮೆಂಟೇಶನ್ ಕಡೆ ಒಳ್ಳೆಯದು. ಬಯೋಟೆಕ್ ಪ್ಲಾಂಟುಗಳಲ್ಲಿ, ಡಿಸ್ಟಿಲರಿಗಳಲ್ಲಿ ಯೀಸ್ಟ್ ನೋಡಿಕೊಳ್ಳಲು ಜೀವಶಾಸ್ತ್ರ ಬಲ್ಲವರು ಬೇಕು. ಕೋರ್ಸಿನ ಅರ್ಹತೆಯಲ್ಲಿ ಗಣಿತ ಕೇಳುತ್ತಾರಾ ಅಂತ ಮೊದಲು ನೋಡಿ. ಜೊತೆಗೆ ಪಿಯುಸಿ ಗಣಿತದ ಕ್ಯಾಲ್ಕುಲಸ್ ಭಾಗವನ್ನು ಈಗಲೇ ಶುರು ಮಾಡಿ. ಫರ್ಮೆಂಟರ್ ಕೂಡ ಶಾಖ ಬಿಡುತ್ತದೆ, ಅದಕ್ಕೂ ಮೇಷ್ಟ್ರು ಕೊಟ್ಟ ಲೆಕ್ಕವೇ ಬೇಕು.

ಸಿಬಿಝಡ್_ಹುಡುಗ
ಸರಿ ಅಣ್ಣ. ಆ ಯು ಬೆಲೆ ಅಂದರೆ ಏನು, ಅದನ್ನು ಎಲ್ಲಿಂದ ತರುವುದು?

ಹಳೇ_ಮೇಷ್ಟ್ರು
ಗೋಡೆ ಎಷ್ಟು ಸಲೀಸಾಗಿ ಶಾಖ ಬಿಟ್ಟುಕೊಡುತ್ತದೆ ಅನ್ನುವ ಅಳತೆ. ಅಂದಾಜಿಗೆ ಪಟ್ಟಿಗಳಿವೆ. ಸರಿಯಾದ ಬೆಲೆ ಬೇಕಾದರೆ ರಿಯಾಕ್ಟರಿಗೆ ಬರೀ ನೀರು ತುಂಬಿ, ಜಾಕೆಟ್ ತಂಪು ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಡಿಗ್ರಿ ಇಳಿಯಿತು ಅಂತ ಬರೆದುಕೊಂಡು ಲೆಕ್ಕ ಹಾಕಬೇಕು. ಶಾಲ್ಮಲಾ, ಕಿಲೋ ಲ್ಯಾಬ್ ಸಿಕ್ಕಿದರೆ ನಿಮ್ಮ ಮೊದಲ ಕೆಲಸ ಇದೇ ಆಗಲಿ. ಅಂಕಿ ಇಲ್ಲಿ ಹಾಕಿ, ಒಟ್ಟಿಗೆ ಮಾಡೋಣ.